ಸಿಂಗಾಪುರದಲ್ಲಿ ಕ್ರೂಸ್ ಹತ್ತುವ ದಿನ: ಟರ್ಮಿನಲ್‌ಗೆ ಎಷ್ಟು ಹೊತ್ತಿಗೆ ಹೋಗಬೇಕು?

ಹಡಗು ಸಂಜೆ 5ಕ್ಕೆ ಹೊರಡುತ್ತದೆ ಅಂತ ಟಿಕೆಟ್‌ನಲ್ಲಿದ್ದರೂ ನೀವು ನೆನಪಿಡಬೇಕಾದ್ದು ಚೆಕ್-ಇನ್ ಮುಚ್ಚುವ ಹೊತ್ತನ್ನು. ಅದು ಕಂಪನಿಯಿಂದ ಕಂಪನಿಗೆ ಬೇರೆ, ಸಾಮಾನ್ಯವಾಗಿ ಹೊರಡುವುದಕ್ಕೆ 60ರಿಂದ 90 ನಿಮಿಷ ಮೊದಲು. ಬೋರ್ಡಿಂಗ್ ಪಾಸ್‌ನಲ್ಲಿ ಬರೆದಿರುತ್ತದೆ, ಹುಡುಕಿ ಗುರುತು ಹಾಕಿಕೊಳ್ಳಿ. ಅದು ದಾಟಿದ ಮೇಲೆ ಹಡಗು ಕಣ್ಣೆದುರೇ ನಿಂತಿದ್ದರೂ ಹತ್ತಲು ಬಿಡುವುದಿಲ್ಲ. ಅಷ್ಟರೊಳಗೆ ಪ್ರಯಾಣಿಕರ ಪಟ್ಟಿ ಅಧಿಕಾರಿಗಳ ಕೈಸೇರಿರಬೇಕು. ಮಯಾಮಿ, ಪೋರ್ಟ್ ಕೆನಾವೆರಲ್‌ನಿಂದ ಹೊರಡುವ ಅಮೆರಿಕದ ಕನ್ನಡಿಗರಿಗೂ ಇದೇ ಲೆಕ್ಕ. ಅಲ್ಲಿ ಹಡಗು ಬಿಡುವ 60 ನಿಮಿಷ ಮೊದಲೇ ಪಟ್ಟಿ ಸಲ್ಲಿಸಬೇಕೆಂದು ಕಾನೂನೇ ಇದೆ.

ಹೊತ್ತು ನಿಗದಿ ಮಾಡುವ ಮುಂಚೆ ಜಾಗ ಯಾವುದೆಂದು ಖಚಿತ ಮಾಡಿಕೊಳ್ಳಿ. ಸಿಂಗಾಪುರದಲ್ಲಿ ಕ್ರೂಸ್ ಟರ್ಮಿನಲ್ ಎರಡಿವೆ. ಒಂದು ಹಾರ್ಬರ್‌ಫ್ರಂಟ್‌ನಲ್ಲಿ, ವಿವೋಸಿಟಿ ಮಾಲ್ ಪಕ್ಕ. ಇನ್ನೊಂದು 2012ರಲ್ಲಿ ತೆರೆದ ಮರೀನಾ ಬೇ ಕ್ರೂಸ್ ಸೆಂಟರ್. ಹಾರ್ಬರ್‌ಫ್ರಂಟ್ ಬಳಿ ಸೆಂಟೋಸಾಗೆ ಹೋಗುವ ಕೇಬಲ್ ಕಾರಿನ ತಂತಿ ಅಡ್ಡ ಹಾಯುವುದರಿಂದ ತುಂಬ ಎತ್ತರದ ಹಡಗುಗಳು ಅಲ್ಲಿಗೆ ಬರಲಾಗದು, ಅವು ಮರೀನಾ ಬೇಗೇ ಬರುತ್ತವೆ. ಟ್ಯಾಕ್ಸಿಯವರಿಗೆ ಬರೀ ‘ಕ್ರೂಸ್ ಸೆಂಟರ್’ ಅಂದರೆ ತಪ್ಪು ಜಾಗಕ್ಕೆ ಹೋಗುವ ಸಂಭವವಿದೆ, ಪೂರ್ತಿ ಹೆಸರು ಹೇಳಿ. ಮರೀನಾ ಬೇ ಟರ್ಮಿನಲ್‌ಗೆ ಮೆಟ್ರೋದಲ್ಲಾದರೆ ಕೆಂಪು ಮಾರ್ಗದ ಕೊನೆಯ ನಿಲ್ದಾಣ ಮರೀನಾ ಸೌತ್ ಪಿಯರ್‌ನಲ್ಲಿ ಇಳಿದು ನಡೆಯಬಹುದು. ಸೂಟ್‌ಕೇಸು ಎರಡಕ್ಕಿಂತ ಹೆಚ್ಚಿದ್ದರೆ ಆ ಸಾಹಸ ಬೇಡ.

ಈಗ ಹಡಗಿನ ದಿನಚರಿ ನೋಡಿ. ಬೆಳಗಿನ ಜಾವ ಹಡಗು ದಡ ಸೇರುತ್ತದೆ. ಹಿಂದಿನ ಯಾತ್ರೆಯವರು 9–10ರ ಹೊತ್ತಿಗೆ ಇಳಿದು ಮುಗಿಸುತ್ತಾರೆ. ಆಮೇಲೆ ಸಾವಿರಾರು ಕ್ಯಾಬಿನ್‌ಗಳ ಹಾಸಿಗೆ ಬದಲಿಸಿ, ಗುಡಿಸಿ ಒರೆಸಬೇಕು. 11ರಿಂದ 12ರ ನಡುವೆ ಹೊಸಬರನ್ನು ಹತ್ತಿಸಲು ಶುರು ಮಾಡಿದರೂ ಕ್ಯಾಬಿನ್ ಕೈಗೆ ಸಿಗುವುದು ಹೆಚ್ಚುಕಡಿಮೆ 1–1:30ಕ್ಕೆ. ಅಂದರೆ ಮೊದಲು ಹತ್ತಿದವರು ಆ ತನಕ ಕೈಚೀಲ ಹಿಡಿದೇ ಓಡಾಡಬೇಕು.

ಜನಜಂಗುಳಿ ಹೆಚ್ಚುವುದು 12ರಿಂದ 1:30ರ ಒಳಗೆ. ಬೆಳಗಿನ ವಿಮಾನದಲ್ಲಿ ಬಂದವರು, ಹೋಟೆಲ್‌ಗಳಿಂದ 11–12ಕ್ಕೆ ಚೆಕ್-ಔಟ್ ಆದವರು, ಎಲ್ಲರೂ ಒಟ್ಟಿಗೆ ಬಂದು ಸೇರುವ ಹೊತ್ತು ಅದು. 4,000ಕ್ಕೂ ಹೆಚ್ಚು ಜನ ಹಿಡಿಸುವ ಹಡಗಾದರೆ ಒಂದು, ಒಂದೂವರೆ ಗಂಟೆ ಸಾಲಿನಲ್ಲೇ ಹೋಗಬಹುದು. 2ರ ನಂತರ ಸಾಲು ಕರಗುತ್ತದೆ. ಇನ್ನೊಂದು ಮಾತು: ಅಮೆರಿಕದ ಬಂದರುಗಳಲ್ಲಿ ಇಲ್ಲದ ಒಂದು ಘಟ್ಟ ಇಲ್ಲಿದೆ. ನೀವು ಸಿಂಗಾಪುರ ಬಿಟ್ಟು ಹೋಗುತ್ತಿರುವುದರಿಂದ ಟರ್ಮಿನಲ್‌ನಲ್ಲೇ ಇಮಿಗ್ರೇಷನ್ ದಾಟಬೇಕು. ಅದಕ್ಕೂ ಹೊತ್ತು ಇಟ್ಟುಕೊಳ್ಳಿ.

ಹಾಗಾದರೆ ಯಾವ ಸ್ಲಾಟ್? ಆನ್‌ಲೈನ್ ಚೆಕ್-ಇನ್ ಮಾಡುವಾಗ ಟರ್ಮಿನಲ್‌ಗೆ ಬರುವ ಹೊತ್ತು ಆರಿಸಲು ಅರ್ಧರ್ಧ ಗಂಟೆಯ ಸ್ಲಾಟ್‌ಗಳು ಕಾಣುತ್ತವೆ. ಕೆಲವು ಕಂಪನಿಗಳು ಯಾತ್ರೆಗೆ ಸುಮಾರು 45 ದಿನ ಮೊದಲೇ ಇದನ್ನು ತೆರೆಯುತ್ತವೆ, ಒಳ್ಳೆಯ ಹೊತ್ತುಗಳು ಬೇಗ ತುಂಬಿಹೋಗುತ್ತವೆ. ಸಿಂಗಾಪುರದಿಂದ ನಮ್ಮವರು ಹೆಚ್ಚಾಗಿ ಹೋಗುವುದು 3–4 ರಾತ್ರಿಯ ಯಾತ್ರೆಗೆ. ಅಷ್ಟು ಚಿಕ್ಕ ಯಾತ್ರೆಯಲ್ಲಿ ಮೊದಲ ದಿನದ ಮಧ್ಯಾಹ್ನಕ್ಕೆ ಬೆಲೆ ಹೆಚ್ಚು. ಆ ಊಟವೂ ಟಿಕೆಟ್ ಹಣದಲ್ಲೇ ಸೇರಿದೆ, ಈಜುಕೊಳ ಖಾಲಿ ಇರುತ್ತದೆ. ಗಟ್ಟಿಮುಟ್ಟಾದವರು, ಮಕ್ಕಳು ಸ್ವಲ್ಪ ದೊಡ್ಡವರಿರುವ ಮನೆಯವರು ಸಿಗುವ ಮೊದಲ ಸ್ಲಾಟನ್ನೇ ಹಿಡಿಯಲಿ, ಆದರೆ ಅದಕ್ಕಿಂತ ಮುಂಚೆ ಹೋಗಿ ಬಾಗಿಲಲ್ಲಿ ನಿಲ್ಲುವುದು ಬೇಡ.

ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದರೆ, ಮಧ್ಯಾಹ್ನ ಮಲಗಲೇಬೇಕಾದ ಪುಟ್ಟ ಮಗು ಇದ್ದರೆ ನಮ್ಮ ಸಲಹೆಯೇ ಬೇರೆ: 1:30ರಿಂದ 2ರ ಸ್ಲಾಟ್. ಹತ್ತಿದೊಡನೆ ಕ್ಯಾಬಿನ್ ಸಿದ್ಧ, ಕಾಲು ಚಾಚಬಹುದು. ಹೋಟೆಲ್‌ನಲ್ಲಿ ಚೆಕ್-ಔಟ್ ಮಾಡಿ ಸಾಮಾನನ್ನು ಅವರ ಲಾಬಿಯಲ್ಲೇ ಇಡಿ, ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ಊಟ ಮುಗಿಸಿ ಹೊರಡಿ. ಸಕ್ಕರೆ ಕಾಯಿಲೆಯವರು ಹಡಗಿನ ಬಫೆಯನ್ನು ನಂಬಿ ಹಸಿದು ಸಾಲಿಗೆ ನಿಲ್ಲಬಾರದು; ಇನ್ಸುಲಿನ್, ಮಾತ್ರೆ, ಒಂದು ಪೊಟ್ಟಣ ಬಿಸ್ಕತ್ತು ಕೈಚೀಲದಲ್ಲೇ ಇರಲಿ. ಗಾಲಿಕುರ್ಚಿ ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಿಡಿ, ಬಾಗಿಲಿಗೆ ಬಂದು ಕೇಳಿದರೆ ಕಾಯಬೇಕಾಗುತ್ತದೆ.

5ಕ್ಕೆ ಹೊರಡುವ ಹಡಗಿಗೆ ಚೆಕ್-ಇನ್ 3:30ಕ್ಕೆ ಮುಚ್ಚುತ್ತದೆ ಅಂದುಕೊಳ್ಳಿ. ಒಂದು ಗಂಟೆ ಸಾಲಿಗೆ, ಅರ್ಧ ಗಂಟೆ ಮಳೆ-ಟ್ರಾಫಿಕ್ಕಿಗೆ ಕಳೆದರೆ 2 ಗಂಟೆ. ಸ್ಲಾಟ್ ಯಾವುದೇ ಇರಲಿ, 2ರ ನಂತರ ಟರ್ಮಿನಲ್‌ನ ಹೊರಗಿರಬೇಡಿ. ಕೈಗಡಿಯಾರ ಇನ್ನೂ ಭಾರತದ ಸಮಯದಲ್ಲೇ ಇದೆಯಾ ನೋಡಿಕೊಳ್ಳಿ. ಸಿಂಗಾಪುರ ಎರಡೂವರೆ ಗಂಟೆ ಮುಂದೆ. ಅಲ್ಲಿ 5 ಆದಾಗ ನಿಮ್ಮ ಮುಳ್ಳು ಇನ್ನೂ 2:30 ತೋರಿಸುತ್ತಿರುತ್ತದೆ.

ಒಂದೇ ಮನೆಯವರು ಮೂರು ಕ್ಯಾಬಿನ್ ತೆಗೆದುಕೊಂಡಾಗ ಆಗುವ ಎಡವಟ್ಟು ಇದು: ಒಬ್ಬರಿಗೆ 11:30, ಇನ್ನೊಬ್ಬರಿಗೆ 1, ಮತ್ತೊಬ್ಬರಿಗೆ 2 ಗಂಟೆ ಸ್ಲಾಟ್. ಎಲ್ಲರೂ ಒಂದೇ ದಿನ, ಫೋನಿನಲ್ಲಿ ಮಾತಾಡಿಕೊಂಡೇ ಚೆಕ್-ಇನ್ ಮಾಡಿ. ಆಗಲಿಲ್ಲವೆಂದರೆ ಎಲ್ಲರೂ ಕೊನೆಯ ಸ್ಲಾಟಿಗೆ ಹೋಗಿ. ತಮ್ಮ ಸ್ಲಾಟ್ ದಾಟಿ ಬಂದವರನ್ನು ಒಳಗೆ ಬಿಡುತ್ತಾರೆ, ಬೇಗ ಬಂದವರನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ.

ಹೊರಡುವ ದಿನವೇ ಬೆಂಗಳೂರಿನಿಂದ ಬಂದಿಳಿಯುವ ಯೋಚನೆ ಬೇಡವೇ ಬೇಡ. ಹಾರಾಟ ನಾಲ್ಕೂವರೆ ಗಂಟೆಯದೇ ಇರಬಹುದು, ರಾತ್ರಿ ಹೊರಟರೆ ಬೆಳಗ್ಗೆ ಚಾಂಗಿಯಲ್ಲಿ ಇರುತ್ತೀರಿ, ಲೆಕ್ಕ ಸರಿಯಾಗೇ ಕಾಣುತ್ತದೆ. ಆದರೆ ವಿಮಾನ ರದ್ದಾದರೆ ಮುಂದಿನದು ಸಿಗುವಷ್ಟರಲ್ಲಿ ಹಡಗು ಸಮುದ್ರದಲ್ಲಿರುತ್ತದೆ. ಮುಂದಿನ ಬಂದರಿನಲ್ಲಿ ಹತ್ತೋಣವೆಂದರೆ ಅದು ಮಲೇಷ್ಯಾ ಅಥವಾ ಥಾಯ್ಲೆಂಡ್, ಅಲ್ಲಿಯ ಪ್ರವೇಶ ನಿಯಮ ಬೇರೆ, ಹಡಗಿನವರು ಒಪ್ಪಬೇಕು, ಖರ್ಚೆಲ್ಲ ನಿಮ್ಮದೇ. ಡಿಸೆಂಬರ್-ಜನವರಿಯಲ್ಲಿ ದೇವನಹಳ್ಳಿಯ ಮುಂಜಾನೆ ಮಂಜು ಎಷ್ಟು ವಿಮಾನಗಳನ್ನು ತಡೆದು ನಿಲ್ಲಿಸುತ್ತದೆ ಅಂತ ಗೊತ್ತಲ್ಲ. ಒಂದು ದಿನ ಮೊದಲೇ ಬಂದು ಉಳಿಯಿರಿ. ಒಂದು ರಾತ್ರಿಯ ಹೋಟೆಲ್ ಬಾಡಿಗೆ ಇಡೀ ಕ್ರೂಸಿನ ಹಣಕ್ಕಿಂತ ಕಡಿಮೆಯೇ.

ಸಾಮಾನಿನ ವಿಷಯ. ಲಗೇಜ್ ಟ್ಯಾಗನ್ನು ಮನೆಯಲ್ಲೇ ಪ್ರಿಂಟ್ ತೆಗೆದು, ಗೆರೆಗಳಿರುವಲ್ಲಿ ಮಡಚಿ, ಸೂಟ್‌ಕೇಸಿನ ಹಿಡಿಗೆ ಸುತ್ತಿ ಮೂರು ಕಡೆ ಸ್ಟೇಪಲ್ ಹೊಡೆಯಿರಿ. ಮೇಲೆ ಅಗಲವಾದ ಪಾರದರ್ಶಕ ಟೇಪ್ ಅಂಟಿಸಿ. ಸಿಂಗಾಪುರದ ಮಳೆ ಹೇಳಿಕೇಳಿ ಬರುವುದಿಲ್ಲ, ನೆನೆದ ಕಾಗದ ಹರಿದರೆ ಸೂಟ್‌ಕೇಸ್ ಯಾರದೆಂದೇ ತಿಳಿಯದು. ಹೆಸರು, ಕ್ಯಾಬಿನ್ ನಂಬರ್ ಬರೆದ ಚೀಟಿ ಒಳಗೂ ಒಂದಿರಲಿ. ಟರ್ಮಿನಲ್‌ನಲ್ಲಿ ಕೊಟ್ಟ ದೊಡ್ಡ ಸಾಮಾನು ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆ, ಕೆಲವೊಮ್ಮೆ ಕತ್ತಲಾದ ಮೇಲೆ. ಆದ್ದರಿಂದ ಪಾಸ್‌ಪೋರ್ಟ್, ಔಷಧಿ, ಚಾರ್ಜರ್, ಪವರ್ ಬ್ಯಾಂಕ್, ಈಜುಡುಗೆ, ಮಗುವಿಗೆ ಒಂದು ಜೊತೆ ಬಟ್ಟೆ ಕೈಯಲ್ಲೇ ಇರಬೇಕು. ಪಾಸ್‌ಪೋರ್ಟ್ ದೊಡ್ಡ ಸೂಟ್‌ಕೇಸಿನಲ್ಲಿ ಹೋಗಿಬಿಟ್ಟರೆ ಅದನ್ನು ಹುಡುಕಿ ತರುವ ತನಕ ನೀವು ಮುಂದೆ ಹೋಗುವಂತಿಲ್ಲ. ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ಪುಟ್ಟ ರೈಸ್ ಕುಕ್ಕರ್ ಬೆಂಕಿಯ ಭಯದಿಂದ ನಿಷಿದ್ಧ. ಸ್ಕ್ಯಾನರ್‌ನಲ್ಲಿ ಕಂಡರೆ ಆ ಸೂಟ್‌ಕೇಸನ್ನೇ ತಡೆದಿಡುತ್ತಾರೆ. ಮನೆಯಲ್ಲಿ ಮಾಡಿದ ಪುಳಿಯೋಗರೆ, ಚಪಾತಿ ಸಾಮಾನ್ಯವಾಗಿ ಬಿಡುವುದಿಲ್ಲ. ಅಂಗಡಿಯ ಸೀಲ್ ಒಡೆಯದ ಚಟ್ನಿಪುಡಿ, ಚಕ್ಕುಲಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ.

ಕಾಗದಪತ್ರದಲ್ಲಿ ಒಂದೇ ಒಂದು ಕೊರತೆಯಾದರೂ ಬೇಗ ಬಂದ ಲಾಭವೆಲ್ಲ ಕೌಂಟರ್‌ನಲ್ಲೇ ಕರಗಿಹೋಗುತ್ತದೆ. ಯಾತ್ರೆ ಮುಗಿಸಿ ಮತ್ತೆ ಸಿಂಗಾಪುರಕ್ಕೇ ಬರುತ್ತೀರಾದ್ದರಿಂದ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವಂಥದ್ದಿರಬೇಕು. ಎಸ್‌ಜಿ ಅರೈವಲ್ ಕಾರ್ಡ್ ಅಂದರೆ ಸಿಂಗಾಪುರ ಪ್ರವೇಶಕ್ಕೆ ಆನ್‌ಲೈನ್‌ನಲ್ಲಿ ತುಂಬುವ ಅರ್ಜಿ. ಬರುವುದಕ್ಕೆ ಮೊದಲಿನ ಮೂರು ದಿನದೊಳಗೆ ತುಂಬುವಂಥದ್ದು, ಹಡಗಿನಲ್ಲಿ ವಾಪಸ್ ಬರುವಾಗ ಇನ್ನೊಮ್ಮೆ ತುಂಬಬೇಕು. ಅದು ಪೂರ್ತಿ ಉಚಿತ, ಹಣ ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿ. ಬೋರ್ಡಿಂಗ್ ಪಾಸ್‌ನ ಸ್ಕ್ರೀನ್‌ಶಾಟ್ ಫೋನಿನಲ್ಲಿರಲಿ, ಒಂದು ಪ್ರಿಂಟ್ ಜೇಬಿನಲ್ಲಿರಲಿ. ಬೆಳಗ್ಗೆ ಹೋಟೆಲ್ ಬಿಡುವ ಮುಂಚೆ ಇಮೇಲ್, ಎಸ್‌ಎಂಎಸ್ ನೋಡಿ. ಹಡಗು ತಡವಾಗಿ ಬಂದಿದ್ದರೆ ಎಲ್ಲರ ಸ್ಲಾಟೂ ಮುಂದಕ್ಕೆ ಹೋಗಿರುತ್ತದೆ.

ಹತ್ತಿದ ಮೇಲೆ ಊಟಕ್ಕೂ ಮುಂಚೆ ಸುರಕ್ಷತಾ ಕವಾಯತು ಮುಗಿಸಿಬಿಡಿ. 2012ರ ಜನವರಿಯಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ಸತ್ತಾಗ, ಅದೇ ದಿನ ಹತ್ತಿದವರಿಗೆ ಇನ್ನೂ ಕವಾಯತು ಆಗಿರಲಿಲ್ಲ. ಆಗಿನ ನಿಯಮದಲ್ಲಿ 24 ಗಂಟೆ ಅವಕಾಶವಿತ್ತು. 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಮುಗಿಸಲೇಬೇಕು. ಈಗ ಹಲವು ಹಡಗುಗಳಲ್ಲಿ ಫೋನಿನ ಆ್ಯಪ್‌ನಲ್ಲೇ ವಿಡಿಯೋ ನೋಡಿ, ಅಪಾಯದ ಸೂಚನೆಯಾದ ಏಳು ಚಿಕ್ಕ ಒಂದು ಉದ್ದ ಸೀಟಿ ಹೇಗಿರುತ್ತದೆ ಅಂತ ಕೇಳಿ, ಕ್ಯಾಬಿನ್ ಕಾರ್ಡ್ ಮೇಲೆ ಬರೆದಿರುವ, ಅಪಾಯದಲ್ಲಿ ಸೇರಬೇಕಾದ ಜಾಗಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದರೆ ಆಯಿತು. 1:30ಕ್ಕೆ ಹೋದರೆ ಐದು ನಿಮಿಷದ ಕೆಲಸ. ಬಿಟ್ಟವರೆಲ್ಲ ಕೊನೆಯ ಗಂಟೆಯಲ್ಲಿ ಅಲ್ಲಿಗೇ ನುಗ್ಗುತ್ತಾರೆ, ಆ ಹೊತ್ತಿಗೆ ನೀವು ಮೇಲಿನ ಡೆಕ್‌ನಲ್ಲಿ ಕಟಕಟೆ ಹಿಡಿದು ನಿಂತಿರಬಹುದು.