ಐಸ್ ಹಾಕಿ ಟೀಮ್ ಬೇರೆ ಊರಿಗೆ ಶಿಫ್ಟ್ ಮಾಡೋದಾದ್ರೆ, ಮೊದ್ಲು ಟೈಮ್ ಲೆಕ್ಕ ಹಾಕಿ

ಅಮೆರಿಕ-ಕೆನಡಾದ ಎನ್‌ಎಚ್‌ಎಲ್ ಲೀಗಲ್ಲಿ ಟೀಮ್ ನಷ್ಟದಲ್ಲಿದ್ರೆ ಎಲ್ರೂ ಮೊದ್ಲು ಕೇಳೋದು ಯಾವ ಊರಿಗೆ ಹೋಗುತ್ತೆ ಅಂತ. ನಾನು ಮೊದ್ಲು ಕೇಳೋದು ಯಾವಾಗ ಹೋಗುತ್ತೆ ಅಂತ, ಯಾಕಂದ್ರೆ ಒಂದೇ ಊರು ಒಂದ್ಸಲ ಟೀಮ್‌ನ ಉಳಿಸಿಕೊಳ್ಳೋಕಾಗ್ದೆ ಕೈಬಿಟ್ಟು, ಆಮೇಲೆ ಬೇರೆ ಟೀಮ್ ತಂದು ಚೆನ್ನಾಗಿ ನಡೆಸಿದ್ದೂ ಇದೆ.

ವಿನ್ನಿಪೆಗ್ ಕಥೆ ಅದೇ. 1996ರಲ್ಲಿ ಕೆನಡಾದ ಈ ಊರಿಂದ ಜೆಟ್ಸ್ ಟೀಮ್ ಅಮೆರಿಕದ ಅರಿಜೋನಾದ ಫೀನಿಕ್ಸ್‌ಗೆ ಹೋಗಿ ಕೊಯೊಟೀಸ್ ಆಯ್ತು. ಟಿಕೆಟ್ ದುಡ್ಡು ಬರೋದು ಕೆನಡಾ ಡಾಲರಲ್ಲಿ, ಆಟಗಾರರ ಸಂಬಳ ಕೊಡೋದು ಅಮೆರಿಕ ಡಾಲರಲ್ಲಿ, ಆಗ ಕೆನಡಾ ಡಾಲರ್ ಅಮೆರಿಕದ 70-75 ಸೆಂಟ್ ಆಸುಪಾಸಲ್ಲಿತ್ತು, ಸಂಬಳಕ್ಕೆ ಮಿತಿ ಅನ್ನೋದೇ ಇರ್ಲಿಲ್ಲ, ಸ್ಟೇಡಿಯಂ ಕೂಡ ಹಳೇದು. ಆಮೇಲೆ 2004ರಲ್ಲಿ ಹೊಸ ಒಳಾಂಗಣ ಸ್ಟೇಡಿಯಂ ಆಯ್ತು, 2005ರಲ್ಲಿ ಲೀಗ್ ಸ್ಯಾಲರಿ ಕ್ಯಾಪ್ ತಂತು, 2011ರ ಹೊತ್ತಿಗೆ ಕೆನಡಾ ಡಾಲರ್ ಅಮೆರಿಕ ಡಾಲರ್‌ಗೆ ಸಮ ಆಗಿತ್ತು. ಮೂರೂ ಕೂಡಿ ಬಂದಾಗ ಅಟ್ಲಾಂಟಾ ಥ್ರಾಷರ್ಸ್ ಟೀಮ್‌ನ ಕೊಂಡು ತಂದ್ರು. ನೀವೂ ಹೋಗೋ ಊರಿಗೆ ಈ ಮೂರು ಲೆಕ್ಕ ಹಾಕಿ: ಸ್ಟೇಡಿಯಂ ರೆಡಿ ಇದ್ಯಾ, ಖರ್ಚಿಗೆ ಮಿತಿ ಇದ್ಯಾ, ಆದಾಯದ ಕರೆನ್ಸಿ ಗಟ್ಟಿ ಇದ್ಯಾ. ಅಮೆರಿಕದ ಊರಾದ್ರೆ ಮೂರನೇದು ಬಿಡಿ.

ಸ್ಟೇಡಿಯಂ ವಿಷ್ಯದಲ್ಲಿ ಆಸೆಗೆ ಬೀಳ್ಬೇಡಿ, ದಯವಿಟ್ಟು. ಹಾರ್ಟ್‌ಫರ್ಡ್ ವೇಲರ್ಸ್ ಓನರ್ ಪೀಟರ್ ಕರ್ಮಾನೋಸ್ 1997ರಲ್ಲಿ ಸ್ಟೇಡಿಯಂ ಲೀಸ್ ಮುಗಿಯೋಕೆ ಒಂದು ವರ್ಷ ಮುಂಚೇನೇ ಹೊರಡೋಕೆ 2.05 ಕೋಟಿ ಡಾಲರ್ ಕಟ್ಟಿದ್ರು. ಹೋಗಿದ್ದೆಲ್ಲಿಗೆ? ನಾರ್ತ್ ಕೆರೊಲಿನಾದ ರಾಲಿಗೆ, ಆದ್ರೆ ಅಲ್ಲಿನ ಸ್ಟೇಡಿಯಂ ರೆಡಿ ಆಗಿದ್ದು 1999ಕ್ಕೆ! ಎರಡು ಸೀಸನ್ ಸುಮಾರು 125 ಕಿಲೋಮೀಟರ್ ದೂರದ ಗ್ರೀನ್ಸ್‌ಬರೋದಲ್ಲಿ ಆಡಿದ್ರು. ಅಲ್ಲಿಯವ್ರಿಗೆ ಗೊತ್ತು ಇವ್ರು ಹೇಗೂ ಹೋಗೋರು ಅಂತ, ಅವ್ರು ಬರ್ಲಿಲ್ಲ, ರಾಲಿಯವ್ರಿಗೆ ದೂರ ಆಯ್ತು, ಅವ್ರೂ ಬರ್ಲಿಲ್ಲ, ಕೊನೆಗೆ ಮೇಲಿನ ಸೀಟ್‌ಗಳಿಗೆ ಪರದೆ ಕಟ್ಟಿ ಮ್ಯಾಚ್ ನಡೆಸಿದ್ರು. ಒಂದು ವರ್ಷ ಬೇಗ ಬಿಡೋಕೆ ದಂಡ, ಎರಡು ವರ್ಷ ಕಾಯೋಕೆ ನಷ್ಟ, ಎರಡನ್ನೂ ಕೂಡಿಸಿ ನೋಡಿ ಆಮೇಲೆ ಲೀಸ್ ಮುರೀರಿ.

ಅದೇ ಊರಲ್ಲಿ ಅಡ್ಜಸ್ಟ್ ಮಾಡ್ಕೊಂಡು ಆಡೋದು ಮಾತ್ರ ಪರವಾಗಿಲ್ಲ. 2024ರಲ್ಲಿ ಅರಿಜೋನಾದಿಂದ ಯೂಟಾಗೆ ಕೊಯೊಟೀಸ್ ಟೀಮ್ ಬಂದಾಗ ಸಾಲ್ಟ್ ಲೇಕ್ ಸಿಟಿಯ ಡೆಲ್ಟಾ ಸೆಂಟರ್ ಬಾಸ್ಕೆಟ್‌ಬಾಲ್‌ಗೆ ಕಟ್ಟಿದ್ದು, ಎಷ್ಟೋ ಸೀಟಿಂದ ಒಂದು ಗೋಲ್ ಪೂರ್ತಿ ಕಾಣ್ತಾನೇ ಇರ್ಲಿಲ್ಲ, ಆದ್ರೂ ಜನ ಬಂದ್ರು, ಯಾಕಂದ್ರೆ ಟೀಮ್ ಅವ್ರ ಊರಲ್ಲೇ ಇರುತ್ತೆ ಅಂತ ನಂಬಿಕೆ ಇತ್ತು.

ಇನ್ನು ದುಡ್ಡು. ಬರೀ ಟೀಮ್ ಬೆಲೆ ನೋಡಿದ್ರೆ ಸಾಲಲ್ಲ, ಲೀಗ್‌ಗೆ ಕಟ್ಟೋ ರಿಲೊಕೇಶನ್ ಫೀ ಬೇರೆ. ವಿನ್ನಿಪೆಗ್ ಡೀಲ್ 17 ಕೋಟಿ ಡಾಲರ್, ಅದ್ರಲ್ಲಿ 6 ಕೋಟಿ ಲೀಗ್‌ಗೆ. ಯೂಟಾದಲ್ಲಿ ಟೀಮ್ ಕೊಂಡ ರಯಾನ್ ಸ್ಮಿತ್ ಕೊಟ್ಟಿದ್ದು 120 ಕೋಟಿ ಡಾಲರ್, 100 ಕೋಟಿ ಅರಿಜೋನಾ ಓನರ್‌ಗೆ, 20 ಕೋಟಿ ಉಳಿದ ಓನರ್‌ಗಳಿಗೆ. ಇದನ್ನ ಹೊಸ ಟೀಮ್ ಫೀ ಜೊತೆ ಹೋಲಿಸಿ: ವೇಗಸ್ 50 ಕೋಟಿ, ಸಿಯಾಟಲ್ 65 ಕೋಟಿ ಕೊಟ್ಟಿದ್ವು. ಖಾಲಿ ಇರೋ ಒಳ್ಳೆ ಊರನ್ನ ಲೀಗ್ ಹೊಸ ಟೀಮ್‌ಗೆ ಮಾರಿದ್ರೆ ದುಡ್ಡು ಪೂರ್ತಿ ಓನರ್‌ಗಳಿಗೇ ಹಂಚಿಕೆ ಆಗುತ್ತೆ, ಅದಕ್ಕೇ ಹೊಸ ಟೀಮ್ ಸೇರಿಸೋ ಮಾತು ಜೋರಾಗಿರುವಾಗ ಶಿಫ್ಟ್‌ಗೆ ಬೇಕಾದ ಅವ್ರ ವೋಟ್ ಸಿಗೋದು ಕಷ್ಟ.

ಕೋರ್ಟ್ ದಾರಿ ಹಿಡೀಲೇಬೇಡಿ. 2009ರಲ್ಲಿ ಕೆನಡಾ ಉದ್ಯಮಿ ಜಿಮ್ ಬಾಲ್ಸಿಲೀ ದಿವಾಳಿ ಕೋರ್ಟ್ ಮೂಲಕ ಫೀನಿಕ್ಸ್‌ನ ಕೊಯೊಟೀಸ್ ಕೊಂಡು ಕೆನಡಾದ ಹ್ಯಾಮಿಲ್ಟನ್‌ಗೆ ಒಯ್ಯೋಕೆ ನೋಡಿದ್ರು, 21 ಕೋಟಿ ಡಾಲರ್‌ಗಿಂತ ಜಾಸ್ತಿ ಆಫರ್, ಮೇ ತಿಂಗಳಿಂದ ಜಗ್ಗಾಡಿ ಸೆಪ್ಟೆಂಬರ್ 30ಕ್ಕೆ ಜಡ್ಜ್ ತಳ್ಳಿಹಾಕಿದ್ರು, ಲೀಗ್ ಸೀಸನ್ ಮಾರನೇ ದಿನವೇ ಶುರುವಾಗೋದಿತ್ತು.

ವೋಟ್‌ಗೆ ಮುಂಚೆ ಕೈಯಲ್ಲಿ ಪ್ರೂಫ್ ಇರ್ಲಿ. ವಿನ್ನಿಪೆಗ್‌ನವ್ರು ಮಾಡಿದ್ದು ನನಗೆ ತುಂಬಾ ಇಷ್ಟ: 2011ರ ಮೇ 31ಕ್ಕೆ ಅನೌನ್ಸ್, 13,000 ಸೀಸನ್ ಟಿಕೆಟ್ ಟಾರ್ಗೆಟ್, ಅದೂ 3ರಿಂದ 5 ವರ್ಷದ ಕಮಿಟ್‌ಮೆಂಟ್ ಜೊತೆ, ಮೊದ್ಲು ಅಲ್ಲಿನ ಕೆಳಗಿನ ಲೀಗ್ ಟೀಮ್ ಮ್ಯಾನಿಟೋಬಾ ಮೂಸ್‌ನ ಹಳೇ ಗಿರಾಕಿಗಳಿಗೆ, ಆಮೇಲೆ ಜೂನ್ 4ಕ್ಕೆ ಎಲ್ರಿಗೂ ಓಪನ್ ಮಾಡಿದ್ರೆ ನಿಮಿಷಗಳಲ್ಲಿ ಖಾಲಿ. ಓನರ್‌ಗಳು ವೋಟ್ ಹಾಕಿದ್ದು ಜೂನ್ 21ಕ್ಕೆ, ಅಷ್ಟೊತ್ತಿಗೆ ಅನುಮಾನ ಪಡೋಕೆ ಏನೂ ಉಳಿದಿರ್ಲಿಲ್ಲ.

ಆದ್ರೆ ಅಷ್ಟು ತಡ ಮಾಡಿದ್ದಕ್ಕೆ ಬೆಲೆ ತೆತ್ರು. ಮೊದಲ ಸೀಸನ್‌ಗೆ ಡಿವಿಜನ್ (ಹತ್ತಿರದ ಊರಿನ ಟೀಮ್‌ಗಳ ಗುಂಪು) ಬದಲಾಯಿಸೋಕೆ ಲೀಗ್‌ಗೆ ಟೈಮ್ ಇರ್ಲಿಲ್ಲ, ಮುಂದಿನ ಸೀಸನ್‌ಗೆ ಆಟಗಾರರ ಸಂಘ ಒಪ್ಲಿಲ್ಲ, ಕೆನಡಾ ಮಧ್ಯದಲ್ಲಿರೋ ಟೀಮು ಎರಡು ಸೀಸನ್ ಫ್ಲಾರಿಡಾ, ಟ್ಯಾಂಪಾ, ಕೆರೊಲಿನಾ ಜೊತೆ ಸೌತ್‌ಈಸ್ಟ್ ಡಿವಿಜನ್‌ನಲ್ಲೇ ಆಡ್ಬೇಕಾಯ್ತು, ವಿಮಾನ ಖರ್ಚು, ಆಟಗಾರರ ಸುಸ್ತು ಎಲ್ಲಾ ಬೇರೆ. ಇದು ಬೇಡ ಅಂದ್ರೆ ಲೀಗ್ ಜೊತೆ ಮಾತುಕತೆ ಚಳಿಗಾಲದಲ್ಲೇ ಶುರು ಮಾಡಿ.

ಬಿಟ್ಟು ಹೋಗೋ ಊರಿನ ಜನಕ್ಕೂ ಒಂದು ದಿನ ಕೊಡಿ, ಇದು ಲಾಭದ ಲೆಕ್ಕಕ್ಕೆ ಬರದಿದ್ರೂ ನನಗೆ ಮುಖ್ಯ. ಅಟ್ಲಾಂಟಾದಲ್ಲಿ ಕೊನೆ ಮ್ಯಾಚ್ ಏಪ್ರಿಲ್ 10ಕ್ಕೆ ಮುಗೀತು, ಸುದ್ದಿ ಅಧಿಕೃತ ಆಗಿದ್ದು ಮೇ ಕೊನೆಗೆ, ಯಾರಿಗೂ ಸರಿಯಾಗಿ ವಿದಾಯ ಹೇಳೋಕಾಗ್ಲಿಲ್ಲ. ಅರಿಜೋನಾದಲ್ಲಿ ವಿಷ್ಯ ಮೊದ್ಲೇ ಹೊರಗೆ ಬಂದಿದ್ರಿಂದ 2024ರ ಏಪ್ರಿಲ್ 17ರ ಕೊನೆ ಮ್ಯಾಚಿಗೆ ಜನ ಗೊತ್ತಿದ್ದೇ ಬಂದ್ರು, ಟೀಮ್ ಎಡ್ಮಂಟನ್ ವಿರುದ್ಧ 5-2 ಗೆದ್ತು, ಮಾರನೇ ದಿನ ಓನರ್‌ಗಳ ಒಪ್ಪಿಗೆ ಬಂತು.