ಸಿಇಟಿ ಮುಗಿದ ಮೇಲೆ ನಾವು ಉತ್ತರ ತಾಳೆ ಹಾಕಿದ ಬಗೆ

ಸಿಇಟಿಗೆ ಹೋಗುವ ಮೊದಲೇ ನಾವು ನಾಲ್ವರು ಗೆಳೆಯರು ಒಂದು ಮಾತು ಮಾಡಿಕೊಂಡಿದ್ದೆವು. ಕೊನೆಯ ಪತ್ರಿಕೆ ಮುಗಿಯುವವರೆಗೆ ಯಾರೂ ಯಾರ ಉತ್ತರವನ್ನೂ ಕೇಳಬಾರದು. ಬೆಳಿಗ್ಗೆ ಒಂದು ಪತ್ರಿಕೆ, ಮಧ್ಯಾಹ್ನ ಇನ್ನೊಂದು. ಪ್ರತಿಯೊಂದಕ್ಕೂ 60 ಪ್ರಶ್ನೆ, 80 ನಿಮಿಷ. ಬಿಡುವಿನಲ್ಲಿ ಯಾರೋ ಒಬ್ಬರು ‘ಆ ಲೆಕ್ಕಕ್ಕೆ ಏನು ಬಂತು?’ ಅಂತ ಶುರು ಮಾಡಿದರೆ, ತಪ್ಪಾದ ಎರಡು ಪ್ರಶ್ನೆ ಮಧ್ಯಾಹ್ನವಿಡೀ ತಲೆ ಕೊರೆಯುತ್ತವೆ. ಹಾಗಾಗಿ ಗೇಟಿನ ಬಳಿ ಗುಂಪುಕಟ್ಟಿ ಚರ್ಚಿಸುತ್ತಿದ್ದವರ ಹತ್ತಿರವೂ ಸುಳಿಯದೆ ಊಟ ಮುಗಿಸಿ, ಮುಂದಿನ ಪತ್ರಿಕೆಯ ಸೂತ್ರಗಳ ಮೇಲೆ ಕಣ್ಣಾಡಿಸಿದೆವು.

ಎಲ್ಲ ಮುಗಿದ ಮೇಲೆ ಪ್ರಶ್ನೆಪತ್ರಿಕೆ, ಒಎಂಆರ್ ಹಾಳೆಯ ನಮ್ಮ ಪ್ರತಿ ಎರಡನ್ನೂ ಇಟ್ಟುಕೊಂಡು ಕೂತೆವು. ಆ ಪ್ರತಿ ಇಲ್ಲದೆ ತಾಳೆ ನೋಡುವುದು ವ್ಯರ್ಥ. ಯೋಚಿಸಿದ ಉತ್ತರ ಒಂದು, ಹಾಳೆಯಲ್ಲಿ ತುಂಬಿದ ವೃತ್ತ ಇನ್ನೊಂದು ಆಗಿರುವ ಸಾಧ್ಯತೆ ಯಾವಾಗಲೂ ಇದ್ದೇ ಇರುತ್ತದೆ. ಇನ್ನು ವರ್ಷನ್ ಕೋಡ್, ಅಂದರೆ ಪ್ರಶ್ನೆಗಳ ಕ್ರಮ ಬದಲಿಸಿದ ಪತ್ರಿಕೆಗಳ ಗುರುತು. ಒಬ್ಬರ 14ನೇ ಪ್ರಶ್ನೆ ಮತ್ತೊಬ್ಬರಿಗೆ 37ನೆಯದು. ಆದ್ದರಿಂದ ‘ಹದಿನಾಲ್ಕಕ್ಕೆ ಬಿ’ ಎನ್ನುವ ಮಾತೇ ಇಲ್ಲ. ಒಬ್ಬರು ಪ್ರಶ್ನೆ ಓದಬೇಕು, ಉಳಿದವರು ಉತ್ತರವನ್ನೇ ಹೇಳಬೇಕು. ಎಲ್ಲರದೂ ಒಂದೇ ಬಂದರೆ ಮುಂದಿನದು. ಬೇರೆ ಬೇರೆ ಬಂದರೆ ಮಾತ್ರ ನಿಲ್ಲುವುದು, ನಿಂತಮೇಲೆ ಹೇಗೆ ಬಂತು ಅಂತ ಹೇಳಲೇಬೇಕು.

ಈ ಕೊನೆಯ ನಿಯಮವೇ ನಮ್ಮನ್ನು ಉಳಿಸಿದ್ದು. ಎಲೆಕ್ಟ್ರಾನ್ ಗೇನ್ ಎಂಥಾಲ್ಪಿ (ಪರಮಾಣು ಒಂದು ಎಲೆಕ್ಟ್ರಾನನ್ನು ಸೇರಿಸಿಕೊಂಡಾಗ ಆಗುವ ಶಕ್ತಿಯ ಬದಲಾವಣೆ) ಯಾವ ಹ್ಯಾಲೋಜನ್‌ಗೆ ಅತಿ ಹೆಚ್ಚು ಋಣಾತ್ಮಕ ಎಂಬ ಪ್ರಶ್ನೆಗೆ ನಮ್ಮಲ್ಲಿ ಮೂವರು ಫ್ಲೋರಿನ್ ಅಂದರು, ಒಬ್ಬಳು ಕ್ಲೋರಿನ್ ಅಂದಳು. ಕೈ ಎತ್ತಿಸಿದ್ದರೆ ಫ್ಲೋರಿನ್ ಗೆಲ್ಲುತ್ತಿತ್ತು. ಅವಳು ಕಾರಣ ಹೇಳಿದಳು: ಫ್ಲೋರಿನ್ ಪರಮಾಣು ತೀರಾ ಚಿಕ್ಕದು, ಒಳಬರುವ ಎಲೆಕ್ಟ್ರಾನನ್ನು ಅಲ್ಲಿರುವ ಎಲೆಕ್ಟ್ರಾನುಗಳೇ ತಳ್ಳುತ್ತವೆ. ಪ್ರಥಮ ಪಿಯು ಪುಸ್ತಕ ತೆಗೆದರೆ ಕೋಷ್ಟಕದಲ್ಲಿ ಫ್ಲೋರಿನ್‌ಗೆ −328, ಕ್ಲೋರಿನ್‌ಗೆ −349 ಕಿಲೋಜೂಲ್. ಮೂವರೂ ಇದನ್ನು ಎಲೆಕ್ಟ್ರೋನೆಗೆಟಿವಿಟಿಯ (ಬಂಧದಲ್ಲಿರುವ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆಯುವ ಸಾಮರ್ಥ್ಯ) ಜೊತೆ ಬೆರೆಸಿಕೊಂಡಿದ್ದೆವು. ಸೈನ್ ಇನ್ವರ್ಸ್ ಪ್ರಶ್ನೆಯಲ್ಲೂ ಹೀಗೇ: sin⁻¹(sin 2π/3) ಅಂದಕೂಡಲೇ 2π/3 ಎಂದವರಿಗೆ, ಉತ್ತರ −π/2 ಮತ್ತು π/2 ನಡುವೆಯೇ ಇರಬೇಕೆಂದು ನೆನಪಿಸಿದ ಮೇಲೆ π/3 ಒಪ್ಪಿಗೆಯಾಯಿತು. ಬಹುಮತದಿಂದ ಉತ್ತರ ತೀರ್ಮಾನಿಸುವ ಗುಂಪುಗಳಲ್ಲಿ ನನಗೆ ಕಿಂಚಿತ್ತೂ ನಂಬಿಕೆ ಇಲ್ಲ.

ಅಂಕವನ್ನು ಒಂದೇ ಸಂಖ್ಯೆಯಾಗಿ ಬರೆದುಕೊಳ್ಳಲಿಲ್ಲ. ಖಚಿತವಾದವು ಇಷ್ಟು, ಅನುಮಾನದವು ಇಷ್ಟು, ಊಹಿಸಿ ತುಂಬಿದವು ಇಷ್ಟು ಎಂದು ಬೇರೆ ಮಾಡಿದೆವು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾರೂ ವೃತ್ತ ಖಾಲಿ ಬಿಟ್ಟಿರಲಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ತಾತ್ಕಾಲಿಕ ಕೀ ಉತ್ತರ ಬಂದಾಗ ನಮ್ಮ ಅನುಮಾನದ ಪಟ್ಟಿ ಸಿದ್ಧವಾಗಿಯೇ ಇತ್ತು. ಆಕ್ಷೇಪಣೆ ಸಲ್ಲಿಸಲು ವರ್ಷನ್ ಕೋಡ್, ಪ್ರಶ್ನೆಯ ಸಂಖ್ಯೆ, ಸಮರ್ಥನೆಗೆ ಆಧಾರ ಬೇಕು. ಪುಸ್ತಕದ ಪುಟ ಆಗಲೇ ಗುರುತಿಸಿಟ್ಟುಕೊಂಡವರಿಗೆ ಇದು ಕಷ್ಟವಲ್ಲ. ಕೀ ಬಂದಮೇಲೂ ಲೆಕ್ಕ ಬದಲಾಗಬಹುದು: 2024ರಲ್ಲಿ ಪಠ್ಯಕ್ರಮದಲ್ಲಿಲ್ಲದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟಿದ್ದರು.

ಅಂಕ ಹೋಲಿಸಿ ಯಾರಿಗಾದರೂ ಅಳು ಬಂದರೆ ಒಂದು ಲೆಕ್ಕ ಮಾಡಿ ತೋರಿಸಿ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಸಿಇಟಿ ಅರ್ಧ, ದ್ವಿತೀಯ ಪಿಯು ಅರ್ಧ. ಸಿಇಟಿಯಲ್ಲಿ 180ಕ್ಕೆ 135, ಪಿಯುನಲ್ಲಿ ಶೇ. 80 ಬಂದವರಿಗೆ ಸಿಗುವುದು 77.5. ಸಿಇಟಿಯಲ್ಲಿ 120 ಮಾತ್ರ, ಆದರೆ ಪಿಯುನಲ್ಲಿ ಶೇ. 90 ಇರುವವರಿಗೆ 78.33. ‘ನಿನಗಿಂತ 15 ಕಡಿಮೆ ಕಣೋ’ ಅಂತ ಮುಖ ಬಾಡಿಸಿಕೊಂಡಿದ್ದ ಗೆಳೆಯನಿಗೆ ಹಾಳೆಯ ಹಿಂಬದಿಯಲ್ಲಿ ನಾನು ಬರೆದು ತೋರಿಸಿದ್ದು ಇಂಥದ್ದೇ ಲೆಕ್ಕ. ಅವನು ಎರಡು ಸಲ ಗುಣಿಸಿ ನೋಡಿ, ಕೌನ್ಸೆಲಿಂಗ್‌ಗೆ ಬೇಕಾದ ದಾಖಲೆಗಳ ಪಟ್ಟಿ ಕೇಳಿದ.