ಡೆಲ್ ಎಕ್ಸ್‌ಪಿಎಸ್ ಹಳೆ ಲ್ಯಾಪ್‌ಟಾಪ್‌ನ ಮೀಡಿಯಾ ಬಟನ್‌ನಿಂದ ನೇರ ವಿಂಡೋಸ್

ಎಕ್ಸ್‌ಪಿಎಸ್ ಎಂ1330, ಎಂ1530ರಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿಕೊಂಡವರು ಪವರ್ ಬಟನ್ ಒತ್ತಿದರೆ ಲಿನಕ್ಸ್, ಮೀಡಿಯಾ ಬಟನ್ (ಲ್ಯಾಪ್‌ಟಾಪ್ ಆನ್ ಮಾಡುವ ಇನ್ನೊಂದು ಬಟನ್) ಒತ್ತಿದರೆ ವಿಂಡೋಸ್ ಅಂತ ಮಾಡಿಕೊಳ್ಳಬಹುದು. ಯಾವುದು ಬೇಕು ಅಂತ ಕೇಳುವ ಬೂಟ್ ಮೆನು ನೋಡುತ್ತಾ ಕೂರೋದು ಬೇಡ. ಆ ಮೆನು ತೋರಿಸುವ ಪ್ರೋಗ್ರಾಂ ಗ್ರಬ್ 2ರ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಮೂರೇ ಸಾಲು ಸೇರಿಸಿ: ಬಟನ್ ಸಿಮಾಸ್ ಅಡ್ರೆಸ್ 85:3 (ಅಂದರೆ 85ನೇ ಬೈಟ್‌ನ 3ನೇ ಬಿಟ್), ಡಿಫಾಲ್ಟ್ ಬಟನ್‌ಗೆ ಮೆನುವಿನಲ್ಲಿ ವಿಂಡೋಸ್ ಎಷ್ಟನೆಯದೋ ಆ ಸಂಖ್ಯೆ (ಎಣಿಕೆ ಸೊನ್ನೆಯಿಂದ ಶುರು, ಮರೀಬೇಡಿ), ಟೈಮ್‌ಔಟ್ ಬಟನ್ 0. ಆಮೇಲೆ ಅಪ್‌ಡೇಟ್-ಗ್ರಬ್ ಕಮಾಂಡ್ ಓಡಿಸಿ. ಮೀಡಿಯಾ ಬಟನ್‌ನಿಂದ ಆನ್ ಮಾಡಿದಾಗ ಬಯೋಸ್ (ಎಲ್ಲಕ್ಕಿಂತ ಮೊದಲು ಓಡುವ ಪ್ರೋಗ್ರಾಂ) ತನ್ನ ಸೆಟ್ಟಿಂಗ್ಸ್ ಇಡುವ ಸಿಮಾಸ್ ಮೆಮೊರಿಯಲ್ಲಿ ಒಂದೇ ಒಂದು ಬಿಟ್ ಬದಲಾಯಿಸುತ್ತದೆ. ಗ್ರಬ್ ಅದನ್ನು ಓದಿ ಯಾವ ಬಟನ್ ಒತ್ತಿದಿರಿ ಅಂತ ತಿಳಿದುಕೊಳ್ಳುತ್ತದೆ, ಅಷ್ಟೇ. ಬೇರೆ ಮಾಡೆಲ್‌ಗೆ ಅಡ್ರೆಸ್ ಬೇರೆ ಇರಬಹುದು, ಥಿಂಕ್‌ಪ್ಯಾಡ್ ಟಿ410ಎಸ್‌ನಲ್ಲಿ 101:3. ನಿಮ್ಮದು ಗೊತ್ತಿಲ್ಲದಿದ್ದರೆ ಎರಡೂ ಬಟನ್‌ನಿಂದ ಒಂದೊಂದು ಸಲ ಬೂಟ್ ಮಾಡಿ, ಲಿನಕ್ಸ್‌ನಲ್ಲಿ ಎನ್‌ವಿರ್‍ಯಾಮ್ ಡಂಪ್ (ಆ ಸಿಮಾಸ್ ಮೆಮೊರಿಯ ನಕಲು) ತೆಗೆದು ಹೋಲಿಸಿ. ಎಕ್ಸ್‌ಪಿಎಸ್‌ನಲ್ಲಿ 71ನೇ ಬೈಟ್ ಹೆಕ್ಸ್ ಲೆಕ್ಕದಲ್ಲಿ 20 ಇದ್ದದ್ದು 28 ಆಗುತ್ತದೆ, ಅಂದರೆ ಬದಲಾದದ್ದು 3ನೇ ಬಿಟ್ (ಇಲ್ಲೂ ಎಣಿಕೆ ಸೊನ್ನೆಯಿಂದ). ಲಿನಕ್ಸ್ ಮೊದಲ 14 ಬೈಟ್ ತೋರಿಸುವುದಿಲ್ಲ, ಹಾಗಾಗಿ 71ಕ್ಕೆ 14 ಕೂಡಿಸಿ 85. ಇಲ್ಲಿ ಎಡವಬೇಡಿ. ಗ್ರಬ್ ಡಿಸ್ಕ್‌ನ ಮೊದಲ ಸೆಕ್ಟರ್ ಆದ ಎಂಬಿಆರ್‌ನಲ್ಲೇ ಇರಬೇಕು. ವಿಂಡೋಸ್ ಮತ್ತೆ ಹಾಕಿದರೆ ಅದು ಅಳಿಸಿಹೋಗಿ ಈ ಉಪಾಯ ನಿಲ್ಲುತ್ತದೆ. ಎರಡೂ ಡಂಪ್‌ನಲ್ಲಿ ವ್ಯತ್ಯಾಸವೇ ಕಾಣದಿದ್ದರೆ ನಿಮ್ಮ ಬಯೋಸ್ ಆ ಗುರುತು ಇಡುತ್ತಿಲ್ಲ, ಸುಮ್ನೆ ಒದ್ದಾಡಬೇಡಿ. ರೀಸ್ಟಾರ್ಟ್ ಮಾಡಿದರೂ ಆಗುವುದಿಲ್ಲ, ಪೂರ್ತಿ ಆಫ್ ಮಾಡಿಯೇ ಬಟನ್ ಒತ್ತಬೇಕು.